ಎರಡು ಸೇರಿನ ಕಲ್ಲಿನ ತಳ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವ ಅಂಗಡಿಗೆ ಹೋದರೂ, ಸಾಮಾನು ತೂಗುವ ಮುಂಚೆ ತೂಕದ ಕಲ್ಲನ್ನು ಎತ್ತಿ, ಬೋರಲು ಮಾಡಿ ಅದರ ತಳ ನೋಡುತ್ತೇನೆ. ತಕ್ಕಡಿಯ ಮುಳ್ಳು ನೋಡುವವರಿದ್ದಾರೆ, ಅಂಗಡಿಯವನ ಕಿರುಬೆರಳು ನೋಡುವವರಿದ್ದಾರೆ. ಕಲ್ಲಿನ ತಳ ನೋಡುವವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಮೊನ್ನೆ ಬೆಲ್ಲ ತರಲು ಹೋದಾಗ ನಮ್ಮ ಮೇಗುಂದದ ಅಂಗಡಿಯವನು ಮುಖ ಊದಿಸಿಕೊಂಡ.

“ಎಂತದು ಅಮ್ಮ ಇದು? ಇಷ್ಟು ವರ್ಷದಿಂದ ಅಂಗಡಿ ಇಟ್ಟೀನಿ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ದೇ ಹೋಯ್ತಾ?”

“ನಿನ್ನ ಮೇಲೆ ಇದೆ ಮಾರಾಯ. ನೀನು ತೂಗು.”

“ಮತ್ತೆ ಎಂತಕ್ಕೆ ಮಗುಚಿ ನೋಡೋದು? ಕಲ್ಲು ಮೊಟ್ಟೆ ಇಟ್ಟಿದೆಯಾ ಅಂತಲಾ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಉತ್ತರ ಇರಲಿಲ್ಲವೆಂದಲ್ಲ, ಅರ್ಧ ಕಿಲೋ ಬೆಲ್ಲಕ್ಕೆ ಹೋದವಳು ನಿಂತ ನಿಲುವಿನಲ್ಲಿ ಹೇಳುವಂಥ ಉತ್ತರ ಅದಲ್ಲ. ನಿಮಗೆ ಹೇಳುತ್ತೇನೆ. ನೀವು ಬೆಲ್ಲ ಕಟ್ಟುವ ಅವಸರದಲ್ಲಿಲ್ಲ.

ನೀವೂ ಒಮ್ಮೆ ಕಬ್ಬಿಣದ ತೂಕದ ಕಲ್ಲನ್ನು ಮಗುಚಿ ನೋಡಿ. ತಳದಲ್ಲಿ ಒಂದು ಸಣ್ಣ ಕುಳಿ ಇರುತ್ತದೆ, ಕುಳಿಯ ತುಂಬ ಸೀಸ, ಸೀಸದ ಮೇಲೆ ಸರ್ಕಾರದ ಮುದ್ರೆ. ಎರಕ ಹೊಯ್ದ ಕಬ್ಬಿಣ ಒಂದೇ ಏಟಿಗೆ ಸರಿಯಾದ ತೂಕಕ್ಕೆ ಬರುವುದಿಲ್ಲವಂತೆ. ಸ್ವಲ್ಪ ಕಡಿಮೆಯಾಗುವಂತೆ ಹೊಯ್ದು, ಕೊರತೆಯಷ್ಟು ಸೀಸ ತುಂಬಿ, ತೂಕ ನೋಡಿ, ಮುದ್ರೆ ಒತ್ತುತ್ತಾರೆ. ಸೇರು ಹೋಗಿ ಕಿಲೋ ಬಂತು, ಕಲ್ಲಿನ ಆಕಾರವೂ ಬದಲಾಯಿತು, ಸೀಸ ಮಾತ್ರ ಹಾಗೇ ಇದೆ. ಈ ವಿಷಯ ನನಗೆ ಹತ್ತನೇ ವಯಸ್ಸಿನಲ್ಲಿ ಗೊತ್ತಿರಲಿಲ್ಲ. ಗೊತ್ತಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಆಗ ನಮ್ಮದು ಕೊಪ್ಪದಲ್ಲಿ ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮನೆಯ ಹಿಂದೆ ಎತ್ತರದ ಜಗುಲಿ, ಅದರ ಕೆಳಗೆ ಅಂಗಳ. ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಅಪ್ಪಯ್ಯ ಬೆಳಿಗ್ಗೆ ಲಿಂಗಪೂಜೆ ಮುಗಿಸಿದವರು ಅದೇ ಕೈಯಲ್ಲಿ ಬಂದು ತಕ್ಕಡಿಯ ದಂಡಿಗೆ ವಿಭೂತಿ ಹಚ್ಚುತ್ತಿದ್ದರು. ಆಮೇಲೆ ಕಲ್ಲುಗಳಿಗೆ ದೊಡ್ಡದರಿಂದ ಚಿಕ್ಕದರವರೆಗೆ ಒಂದೊಂದು ಬೊಟ್ಟು. ಕಡೆಯ ಚಟಾಕಿನ ಕಲ್ಲಿಗೆ ವಿಭೂತಿ ಹಚ್ಚಿದರೆ ಕಲ್ಲೇ ಕಾಣುತ್ತಿರಲಿಲ್ಲ. ಅವರು ಹೆಚ್ಚು ಮಾತಿನವರಲ್ಲ. ಯಾರಾದರೂ “ಸರಿ ಇದೆಯಾ ಶೆಟ್ರೇ?” ಎಂದರೆ ತಕ್ಕಡಿಯ ಕಡೆ ಬೆರಳು ತೋರಿಸಿ, “ಅದನ್ನ ಕೇಳಿ” ಎನ್ನುತ್ತಿದ್ದರು. ಅವರ ಮರ್ಯಾದೆಯೆಲ್ಲ ಆ ದಂಡಿಯಿಂದಲೇ ತೂಗುತ್ತಿತ್ತು.

ನಾನು ಮೂರನೇ ತರಗತಿಯವರೆಗೆ ಶಾಲೆಗೆ ಹೋದೆ. “ಅಕ್ಷರ ಬಂತು, ಅಂಕೆ ಬಂತು, ಇನ್ನೆಂತ ಬೇಕು?” ಎಂದು ಅಮ್ಮ ಬಿಡಿಸಿದಳು. ನನಗೇನೂ ಬೇಸರವಾಗಲಿಲ್ಲ. ನನ್ನ ಅಣ್ಣ ಚೆನ್ನ, ನನಗಿಂತ ಎರಡು ವರ್ಷ ದೊಡ್ಡವನು, ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ. ಅವನು ಕಲಿತದ್ದನ್ನೆಲ್ಲ ಸಂಜೆ ನನಗೆ ಒಪ್ಪಿಸದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹೀಗಾಗಿ ಸ್ಲೇಟು ಹಿಡಿಯದೆ, ಏಟು ತಿನ್ನದೆ ನಾನೂ ಮುಂದಿನ ತರಗತಿಗಳನ್ನು ಅಷ್ಟಿಷ್ಟು ಪಾಸು ಮಾಡಿಕೊಂಡೆ.

ಆ ವರ್ಷ ಅವನಿಗೆ ಬಲ, ಚಲನೆ ಎಂಬ ಪಾಠ ಬಂತು. ಅಲ್ಲಿಂದ ಅವನಿಗೆ ಹುಚ್ಚೇ ಹಿಡಿಯಿತು. ಶೃಂಗೇರಿ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಡ್ಡಗದ್ದೆಯಲ್ಲಿ ಅತ್ತೆಯ ಮನೆ. ದಾರಿಗೆ ಎಮ್ಮೆ ಅಡ್ಡ ಬಂದು ಡ್ರೈವರು ಗಕ್ಕನೆ ನಿಲ್ಲಿಸಿದ. ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದರು. ನನ್ನ ಹಣೆ ಮುಂದಿನ ಸೀಟಿನ ಅಜ್ಜನ ಪೇಟಕ್ಕೆ ಬಡಿಯಿತು. ಎಲ್ಲರೂ ಎಮ್ಮೆಯನ್ನು ಬೈಯುತ್ತಿದ್ದರೆ ಅಣ್ಣನ ಮುಖ ಅರಳಿತ್ತು.

“ನೋಡಿದ್ಯಾ ಗಿರಿ? ನಿಂತಿದ್ದು ಬಸ್ಸು. ನಾವು ನಿಲ್ಲಬೇಕು ಅಂತ ನಮಗೆ ಯಾರೂ ಹೇಳ್ಲಿಲ್ಲ. ಹಾಗಾಗಿ ನಾವು ಹೋಗ್ತಾನೇ ಇದ್ವಿ.”

“ಎಲ್ಲಿಗೆ?” ಎಂದರು ಪೇಟ ಸರಿಮಾಡಿಕೊಳ್ಳುತ್ತ ಆ ಅಜ್ಜ. “ನನ್ನ ತಲೆ ಮೇಲಕ್ಕಾ?”

ಅದೇ ಪ್ರಯಾಣದಲ್ಲಿ ತುಂಗೆ ದಾಟುವಾಗ ನಾನು ದೋಣಿಯಿಂದ ದಡಕ್ಕೆ ಜಿಗಿಯಹೋಗಿ, ದೋಣಿ ಹಿಂದಕ್ಕೆ ಸರಿದು, ಸೊಂಟದವರೆಗೆ ನೀರಿಗೆ ಬಿದ್ದೆ. ಅಮ್ಮ ಕೂಗಿಕೊಂಡಳು. ಅಣ್ಣ ಕೈ ಕೊಟ್ಟು ಎಳೆಯುತ್ತಲೇ ಪಾಠ ಹೇಳಿದ: “ನೀನು ದೋಣೀನ ಹಿಂದಕ್ಕೆ ಒದ್ದೆ, ದೋಣಿ ನಿನ್ನ ಮುಂದಕ್ಕೆ ಒದೀತು. ಇಬ್ಬರ ಒದೆಯೂ ಒಂದೇ ಸಮ. ಜಗಳ ಆಡೋ ಹಾಗಿಲ್ಲ.” ಒದ್ದೆ ಲಂಗದಲ್ಲಿ ಗಡಗಡ ನಡುಗುತ್ತ ಕಲಿತದ್ದು ಇವತ್ತಿಗೂ ಮರೆತಿಲ್ಲ. ಶಾಲೆಯಲ್ಲಿ ಎಲ್ಲರನ್ನೂ ಹೀಗೆ ಒಂದೊಂದು ಸಲ ನೀರಿಗೆ ಬೀಳಿಸಿದರೆ ಮೇಷ್ಟ್ರುಗಳಿಗೆ ಎಷ್ಟೋ ಶ್ರಮ ಉಳಿದೀತು.

ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಆಟ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಅಣ್ಣನಿಗೆ ಅದರಲ್ಲೊಂದು ಪ್ರಶ್ನೆ ಹುಟ್ಟಿತು. ಹಾಳೆಯನ್ನು ಹೊರಡಿಸುವಾಗ ತೋಳು ಕಿತ್ತುಬರುವಷ್ಟು ಎಳೆಯಬೇಕು. ಒಮ್ಮೆ ಹೊರಟ ಮೇಲೆ ಅಷ್ಟು ಬೇಡ. ಯಾಕೆ? ಎಷ್ಟು ಬೇಡ? ಮೇಷ್ಟ್ರನ್ನು ಕೇಳಿದ. ಅವರು, “ನನ್ನನ್ನು ಕೇಳಬೇಡ, ಹಾಳೆಯನ್ನೇ ಕೇಳು. ಅಳೆದು ನೋಡಿ ಬಂದು ನನಗೆ ಹೇಳು” ಎಂದರಂತೆ. ಅಣ್ಣ ನೆಲದ ಮೇಲೆ ನಡೆಯುವುದನ್ನು ಬಿಟ್ಟ.

ಭಾನುವಾರ ಮಧ್ಯಾಹ್ನ ಅಪ್ಪಯ್ಯ ಊಟ ಮಾಡಿ ಅರ್ಧ ಗಂಟೆ ಅಡ್ಡಾಗುತ್ತಿದ್ದರು. ಆ ಹೊತ್ತಿಗೆ ಅಣ್ಣ ಅಂಗಡಿಯಿಂದ ಎರಡು ಸೇರಿನ ಕಲ್ಲನ್ನು ತಂದ. ಹಿತ್ತಿಲ ಜಗುಲಿಯ ಮೇಲೆ ಹಾಳೆ, ಹಾಳೆಯ ಮೇಲೆ ಅರೆಯುವ ಗುಂಡುಕಲ್ಲು. ಹಾಳೆಗೆ ಕಟ್ಟಿದ ಹಗ್ಗ ಜಗುಲಿಯ ಅಂಚಿನಲ್ಲಿದ್ದ ಹಳೆಯ ಬಾವಿರಾಟೆಯ ಮೇಲೆ ಹಾದು ಅಂಗಳದ ಕಡೆ ಇಳಿಯಿತು. ಇಳಿದ ತುದಿಗೆ ಎರಡು ಸೇರಿನ ಕಲ್ಲು, ಅದರ ಜೊತೆಗೆ ಒಂದು ತೆಂಗಿನ ಕರಟ. ಹಾಳೆ ಅಲ್ಲಾಡಲಿಲ್ಲ.

“ಗಿರಿ, ನಿನ್ನ ಗಜ್ಜುಗ ತಾ.”

ಗಜ್ಜುಗ ನಾನು ಆಡಲು ಕೂಡಿಟ್ಟುಕೊಂಡಿದ್ದ ಆಸ್ತಿ. ಬೂದು ಬಣ್ಣದ, ನುಣ್ಣನೆಯ, ಎಲ್ಲ ಒಂದೇ ಅಳತೆಯ ಕಾಡುಬೀಜಗಳು. ಒಂದೊಂದಾಗಿ ಕರಟಕ್ಕೆ ಹಾಕಿದೆ. ಒಂಬತ್ತನೆಯದು ಬಿದ್ದದ್ದೇ ಹಾಳೆ ಸರ್‍ರೆಂದು ಹೊರಟಿತು, ಕಲ್ಲು ಅಂಗಳಕ್ಕೆ ಧೊಪ್ಪೆಂದು ಬಿತ್ತು. ಮತ್ತೆ ಮಾಡಿದೆವು. ಮತ್ತೆ ಒಂಬತ್ತು. ಹತ್ತು ಸಲ ಮಾಡಿದರೂ ಒಂಬತ್ತೇ. ಕಡಿಮೆ ಗಜ್ಜುಗ ಇಟ್ಟು ಹಾಳೆಯನ್ನು ಬೆರಳಿನಿಂದ ಸ್ವಲ್ಪ ತಟ್ಟಿದರೆ ಅದು ನಿಲ್ಲದೆ ಹೋಗುತ್ತಿತ್ತು. ತಟ್ಟದಿದ್ದರೆ ಅಲ್ಲೇ ಕೂತಿರುತ್ತಿತ್ತು. “ಹೊರಡಿಸೋದೇ ಕಷ್ಟ ಕಣೇ” ಎಂದ ಅಣ್ಣ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಆಮೇಲೆ ಅವನ ಮದುವೆಯಲ್ಲೂ ಕಾಣಲಿಲ್ಲ.

ಇಲ್ಲಿಗೆ ನನ್ನ ಸರದಿ. ನನಗೆ ಆಗ ಕುಂಟಾಬಿಲ್ಲೆಯ ಹುಚ್ಚು. ಎದುರುಮನೆ ಸುಬ್ಬಿ ದಿನಾ ಗೆಲ್ಲುತ್ತಿದ್ದಳು. ನನ್ನ ಹಂಚಿನ ಬಿಲ್ಲೆ ಎಸೆದ ಮನೆಯಲ್ಲಿ ಬಿದ್ದು, ಪುಟಿದು, ಗೆರೆ ದಾಟಿ ಪಕ್ಕದ ಮನೆಗೆ ಹೋಗಿ ಕೂರುತ್ತಿತ್ತು. ಅಣ್ಣನ ಹತ್ತಿರ ಹೋಗಿ ಅತ್ತುಬಿಟ್ಟೆ.

“ಹಂಚು ಪುಟಿಯುತ್ತೆ ಮಾರಾಯ್ತಿ, ಅದಕ್ಕೆಂತ ಮಾಡೋದು? ಸೀಸದ ಬಿಲ್ಲೆ ಆದ್ರೆ ಪುಟಿಯಲ್ಲ. ಬಿದ್ದಲ್ಲೇ ಬಸವನ ಹಾಗೆ ಕೂರುತ್ತೆ.”

ಅವನು ಪಾಠ ಹೇಳಿದ, ಮರೆತ. ನಾನು ಮರೆಯಲಿಲ್ಲ. ಸೀಸ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅಣ್ಣ ಕಲ್ಲನ್ನು ಹಗ್ಗಕ್ಕೆ ಕಟ್ಟುವಾಗ ಅದರ ತಳ ನೋಡಿದ್ದೆ. ಅದು ಕಲ್ಲಿನ ಹೊಕ್ಕುಳು ಎಂದು ನನ್ನ ಎಣಿಕೆ. ಹೊಕ್ಕುಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೂಕವೆಲ್ಲ ಕಬ್ಬಿಣದಲ್ಲಿದೆ, ಇದು ಸುಮ್ಮನೆ ಅಲಂಕಾರಕ್ಕೆ. ಎರಡು ದಿನ ಬಿಟ್ಟು, ಅಪ್ಪಯ್ಯ ಊಟಕ್ಕೆ ಕೂತಾಗ, ಗೋಣಿ ಹೊಲಿಯುವ ದಬ್ಬಳದಿಂದ ಸುತ್ತ ಗೀರಿ ಗೀರಿ ಎಬ್ಬಿಸಿದೆ. ಮೆತ್ತನೆಯ ಲೋಹ, ಬಂತು. ಒರಳಿನ ಮೇಲಿಟ್ಟು ಕುಟ್ಟಿದೆ. ರೊಟ್ಟಿಯ ಹಾಗೆ ಹರಡಿಕೊಂಡಿತು. ಆ ಸಂಜೆ ಸುಬ್ಬಿ ಸೋತಳು. ಮರುದಿನವೂ ಸೋತಳು. “ಎಲ್ಲಿಂದ ತಂದ್ಯೇ?” ಎಂದಳು. “ನಮ್ಮಣ್ಣ ವಿದ್ಯೆ ಕಲ್ತಿದಾನೆ” ಎಂದೆ, ದೊಡ್ಡಸ್ತಿಕೆಯಿಂದ.

ಮುಂದಿನ ಭಾನುವಾರ ಅಣ್ಣ ಮತ್ತೆ ಹಾಳೆ ಹಾಸಿದ, ತಳ ನೋಡದೆ ಕಲ್ಲು ಕಟ್ಟಿದ. ಮರುದಿನ ಮೇಷ್ಟ್ರಿಗೆ ಲೆಕ್ಕ ಒಪ್ಪಿಸಬೇಕಿತ್ತು; ಕಡೆಯ ಸಲ ನೋಡಿಬಿಡೋಣ ಎಂದು. ಒಂಬತ್ತು ಗಜ್ಜುಗ ಹಾಕಿದ. ಹಾಳೆ ಕದಲಲಿಲ್ಲ. ಹತ್ತು, ಹನ್ನೆರಡು, ಹದಿನೈದು. ಅವನ ಹುಬ್ಬು ಗಂಟಾಯಿತು. ಇಪ್ಪತ್ತೆಂಟಕ್ಕೆ ಹೊರಟಿತು. ಮತ್ತೆ ಮಾಡಿದ. ಇಪ್ಪತ್ತೆಂಟು. ಜಗುಲಿ ಗುಡಿಸಿದ, ಹಾಳೆಯ ತಳ ಒರೆಸಿದ, ರಾಟೆಗೆ ಎಣ್ಣೆ ಬಿಟ್ಟ. ಇಪ್ಪತ್ತೆಂಟು.

“ಅದೇ ಹಾಳೆ, ಅದೇ ಜಗುಲಿ, ಅದೇ ಕಲ್ಲು” ಎಂದ. “ಹತ್ತೊಂಬತ್ತು ಗಜ್ಜುಗ ಎಲ್ಲಿಂದ ಹೆಚ್ಚಿಗೆ ಬಂತು? ಗಿರಿ, ನೀನೇನಾದ್ರೂ ಮುಟ್ಟಿದ್ಯಾ?”

“ಇಲ್ಲಪ್ಪ.”

ನಿಜವಾಗಿಯೂ ಆ ಕ್ಷಣದಲ್ಲಿ ಅದು ಸುಳ್ಳು ಎಂದು ನನಗೆ ಅನ್ನಿಸಲಿಲ್ಲ. ಅವನು ಕೇಳಿದ್ದು ಹಾಳೆಯ ವಿಷಯ ಎಂದುಕೊಂಡೆ. ಸೀಸದ ಬಿಲ್ಲೆ ಲಂಗದ ಮಡಿಲಲ್ಲಿತ್ತು. ಮೇಷ್ಟ್ರು ಎರಡೂ ಲೆಕ್ಕ ಕೇಳಿ, “ಕಾರಣ ಇಲ್ಲದೆ ಬದಲಾಗೋದಿಲ್ಲ. ಹುಡುಕು, ಸಿಕ್ಕೇ ಸಿಗುತ್ತೆ” ಎಂದರಂತೆ.

ಕಾರಣ ಆ ವಾರವೇ ಸಿಕ್ಕಿತು, ಬೇರೆ ದಾರಿಯಿಂದ. ಬುಧವಾರ ತೂಕದ ಕಲ್ಲುಗಳ ತನಿಖೆಗೆ ಸಾಹೇಬರು ಬಂದರು. ಅಂಗಡಿಯ ತುಂಬ ಜನ. ಅಪ್ಪಯ್ಯ ನಗುನಗುತ್ತಲೇ ಕಲ್ಲುಗಳನ್ನು ಸಾಲಾಗಿ ಇಟ್ಟರು. ಸಾಹೇಬರು ಒಂದೊಂದನ್ನೇ ತೂಗಿ, ಮಗುಚಿ ಮುದ್ರೆ ನೋಡಿ, ಪಕ್ಕಕ್ಕೆ ಇಡುತ್ತಿದ್ದರು. ಎರಡು ಸೇರಿನ ಕಲ್ಲನ್ನು ಮಗುಚಿದವರು ಹಾಗೇ ಹಿಡಿದುಕೊಂಡು ನಿಂತರು.

“ಇದರ ಸೀಸ ಎಲ್ಲಿ ಶೆಟ್ಟರೆ?”

ಅಪ್ಪಯ್ಯ ಬಗ್ಗಿ ನೋಡಿದರು. ಮೇಗುಂದದಿಂದ ಬಂದಿದ್ದ ಗೌಡರೊಬ್ಬರು ಅಕ್ಕಿಯ ಚೀಲ ಕೆಳಗಿಟ್ಟು, “ಹ್ವಾಯ್, ಎಷ್ಟು ವರ್ಷದಿಂದ ಮಾರಾಯ್ರೆ ಈ ಹೊಟ್ಟೆ ಟೊಳ್ಳು?” ಎಂದರು. ಯಾರೋ ಕಿಸಕ್ಕೆಂದರು. ನಾನು ಒಳಬಾಗಿಲಲ್ಲಿ ನಿಂತಿದ್ದೆ. ಅಪ್ಪಯ್ಯ ತಕ್ಕಡಿಯ ಕಡೆ ಬೆರಳು ತೋರಿಸಲಿಲ್ಲ. ಎರಡೂ ಕೈ ಕೆಳಗಿದ್ದವು.

ಸಾಹೇಬರು ಕಲ್ಲನ್ನು ತೆಗೆದುಕೊಂಡು ಹೋದರು. ಅಂಗಡಿ ಮಧ್ಯಾಹ್ನವೇ ಮುಚ್ಚಿತು. ಅಪ್ಪಯ್ಯ ಜಗುಲಿಯಲ್ಲಿ ಕೂತು ಒಂದೇ ಮಾತು ಕೇಳಿದರು: “ಕಲ್ಲು ಮುಟ್ಟಿದವರು ಯಾರು?”

ನಾನು ಬಾಯಿ ತೆರೆದೆ ಎಂದು ಹೇಳಲು ಆಸೆಯಿದೆ. ತೆರೆಯಲಿಲ್ಲ. ಆಗಷ್ಟೇ ಶಾಲೆಯಿಂದ ಬಂದಿದ್ದ ಅಣ್ಣ ಚೀಲವನ್ನೂ ಇಳಿಸದೆ, “ನಾನು ಅಪ್ಪಯ್ಯ” ಎಂದ. “ಹಾಳೆ ಎಳೆಯೋಕೆ ಕಟ್ಟಿದ್ದೆ. ಪ್ರತಿ ಸಲ ಅಂಗಳಕ್ಕೆ ಬೀಳ್ತಿತ್ತು. ಬಿದ್ದ ಪೆಟ್ಟಿಗೆ ಸೀಸ ಉದುರಿರಬೇಕು.”

ಅಪ್ಪಯ್ಯ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. “ತೂಕದ ಬೆಲೆ ಶಾಲೆಯಲ್ಲಿ ಕಲಿಯೋದಲ್ಲ, ಅಂಗಡೀಲಿ ಕಲಿಯೋದು” ಎಂದರು. “ನರಸಿಂಹರಾಜಪುರಕ್ಕೆ ಹೋಗು. ಮಾವನ ಅಂಗಡೀಲಿ ಕೂರು. ಶಾಲೆ ಸಾಕು.”

ಮೇಷ್ಟ್ರು ಬಂದು ಬೇಡಿಕೊಂಡರು. ಅಪ್ಪಯ್ಯ ಅವರಿಗೆ ಹಾಲು ಕೊಟ್ಟು ಕಳಿಸಿದರು. ಅಣ್ಣನೂ ಒಂದು ಮಾತು ಆಡಲಿಲ್ಲ. ಹೊರಡುವ ಮುಂಚಿನ ಎರಡು ದಿನ ಅವನು ಮಾಡಿದ ಕೆಲಸ ಒಂದೇ. ಅಮ್ಮನ ಜರಡಿ ಹಿಡಿದು ಅಂಗಳದ ಮಣ್ಣನ್ನೆಲ್ಲ ಮೂಲೆಯಿಂದ ಮೂಲೆಗೆ ಜಾಲಿಸಿದ. “ಉದುರಿದ್ದು ಎಲ್ಲಿಗೂ ಹೋಗಿರಲ್ಲ ಗಿರಿ, ಇಲ್ಲೇ ಇರ್ಬೇಕು” ಎನ್ನುತ್ತಿದ್ದ. ನಾನೂ ಪಕ್ಕದಲ್ಲಿ ಕೂತು ಹುಡುಕಿದೆ. ಹೌದು, ಹುಡುಕಿದೆ. ಬಿಲ್ಲೆಯನ್ನು ಮೆಲ್ಲಗೆ ಮಣ್ಣಿಗೆ ಜಾರಿಸಿ “ಇಲ್ಲಿದೆ!” ಎಂದುಬಿಡಲೇ ಎಂದು ನೂರು ಸಲ ಯೋಚಿಸಿದೆ. ಆದರೆ ಅದನ್ನು ಕುಟ್ಟಿ ಚಪ್ಪಟೆ ಮಾಡಿದ್ದೆನಲ್ಲ. ಕಂಡರೆ ಮೊದಲು ಸುಬ್ಬಿಯೇ ಗುರುತು ಹಿಡಿಯುತ್ತಿದ್ದಳು.

ಅಪ್ಪಯ್ಯ ಅವತ್ತಿನಿಂದ ಸಾಯುವವರೆಗೂ ಯಾರಿಗೆ ಏನು ತೂಗಿದರೂ ಮೇಲೊಂದು ಹಿಡಿ ಕೊಸರು ಹಾಕಿದರು. ಉದಾರಿ ಎಂದವರುಂಟು, ಪಾಪ ತೊಳೆಯುತ್ತಿದ್ದಾರೆ ಎಂದವರೂ ಉಂಟು.

ಅಣ್ಣ ನರಸಿಂಹರಾಜಪುರದಲ್ಲೇ ಬೆಳೆದ, ಮಾವನ ಅಂಗಡಿ ಅವನದೇ ಆಯಿತು. ಮೊದಮೊದಲು ಕಾಗದ ಬರೆದರೆ ತರೀಕೆರೆಗೆ ಹೋಗುವ ಟ್ರಾಮಿನ ವಿಷಯ ಒಂದು ಸಾಲು ಇರುತ್ತಿತ್ತು: ಖಾಲಿ ಗಾಡಿ ಬೇಗ ನಿಲ್ಲುತ್ತದೆ, ಮರ ಹೇರಿದ್ದು ನಿಲ್ಲಲು ಹಟ ಮಾಡುತ್ತದೆ, ಹೀಗೆ. ಆಮೇಲೆ ಆ ಸಾಲೂ ನಿಂತಿತು. ಅಕ್ಕಿ, ಮೆಣಸು, ಕ್ಷೇಮ. ನಾನು ಮೇಗುಂದಕ್ಕೆ ಮದುವೆಯಾಗಿ ಬಂದೆ. ಅವತ್ತು ಅಂಗಡಿಯಲ್ಲಿ ಮಾತಾಡಿದ ಗೌಡರ ಊರಿಗೇ. ಬಿಲ್ಲೆ ಟ್ರಂಕಿನ ತಳದಲ್ಲಿ, ಧಾರೆಸೀರೆಯ ಅಡಿಯಲ್ಲಿ ಬಂತು. ಪ್ರತಿ ಸಲ ಅಣ್ಣನ ಮನೆಗೆ ಹೋದಾಗ ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ, ಪ್ರತಿ ಸಲ ಹಾಗೇ ವಾಪಸು ತರುತ್ತಿದ್ದೆ. ಅಪ್ಪಯ್ಯ ಹೋದಾಗ ಹೇಳಬೇಕೆಂದಿದ್ದೆ. ಅಮ್ಮ ಹೋದಾಗ ಹೇಳಬೇಕೆಂದಿದ್ದೆ.

ಹೋದ ಬೇಸಿಗೆಯಲ್ಲಿ ಹೊರಟೆ. ದಾರಿಯಲ್ಲಿ ಬಸ್ಸು ಗಕ್ಕನೆ ನಿಂತು ಎಲ್ಲರೂ ಮುಂದಕ್ಕೆ ಬಾಗಿದೆವು. ಡ್ರೈವರನ್ನು ಬೈಯದೆ ನಕ್ಕವಳು ನಾನೊಬ್ಬಳೇ.

ಅಣ್ಣ ಅಂಗಡಿಯ ಗಲ್ಲಾದ ಮುಂದೆ ಕೂತಿದ್ದ. ಮಧ್ಯಾಹ್ನ, ಗಿರಾಕಿಗಳಿರಲಿಲ್ಲ. ನಾನು ಏನೂ ಹೇಳದೆ ಬಿಲ್ಲೆಯನ್ನು ಮರದ ಹಲಗೆಯ ಮೇಲೆ ಅವನ ಮುಂದಿಟ್ಟೆ. ಎತ್ತಿಕೊಂಡು ಹೆಬ್ಬೆರಳಿನಿಂದ ತಿಕ್ಕಿದ.

“ಸೀಸ” ಎಂದ. “ಎಲ್ಲಿತ್ತು?”

ಏನಿದು ಎಂದು ಕೇಳಲಿಲ್ಲ, ನೋಡಿ.

“ನನ್ನ ಹತ್ರ ಅಣ್ಣ. ಅವತ್ತಿಂದ.”

ಆ ನಾಲ್ಕು ಮಾತಿಗೆ ಎಷ್ಟು ವರ್ಷ ಬೇಕಾಯಿತು! ಅದಾದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ದಬ್ಬಳ, ಒರಳು, ಸುಬ್ಬಿ, ಜರಡಿ. ಅಷ್ಟರಲ್ಲಿ ಒಬ್ಬಳು ಮೆಣಸಿನಕಾಯಿಗೆ ಬಂದಳು. ಅಣ್ಣ ಎದ್ದು ತೂಗಿದ, ಅಪ್ಪಯ್ಯನ ಹಾಗೇ ಮೇಲೊಂದು ಹಿಡಿ ಹಾಕಿದ, ಬಂದು ಕೂತ.

“ಜಗುಲಿ ಎತ್ತರದಿಂದ ಬಿದ್ರೆ ಸೀಸ ಉದುರಲ್ಲ ಕಣೇ” ಎಂದ ನಿಧಾನವಾಗಿ. “ಕುಳಿ ಒಳಗೆ ಅಗಲ, ಬಾಯಿ ಕಿರಿದು. ಕಚ್ಚಿಕೊಂಡಿರುತ್ತೆ. ಎಷ್ಟು ಯೋಚನೆ ಮಾಡಿದ್ರೂ ಉದುರಬಾರದು ಅಂತಲೇ ಬರ್ತಿತ್ತು. ಆದ್ರೆ ಸೀಸ ಇರ್ಲಿಲ್ವಲ್ಲ. ಕಲ್ಲು ಮುಟ್ಟಿದವನು ನಾನೊಬ್ಬನೇ. ಸರಿ, ನನ್ನ ತಲೆಯೇ ತಪ್ಪು ಹೇಳ್ತಿದೆ, ಓದು ನನಗೆ ಹೇಳಿದ್ದಲ್ಲ ಅಂದ್ಕೊಂಡೆ. ಅಪ್ಪಯ್ಯ ಬಿಡಿಸಿದಾಗ ನಾನು ಯಾಕೆ ಮಾತಾಡಲಿಲ್ಲ ಅಂತ ತಿಳ್ಕೊಂಡಿದ್ದೆ ನೀನು?”

ಅಪ್ಪಯ್ಯನ ಹೆದರಿಕೆಗೆ ಎಂದು ತಿಳಿದಿದ್ದೆ. ಅವನ ಶಾಲೆಯನ್ನು ಮಾತ್ರ ಕಳೆದೆ ಎಂದುಕೊಂಡಿದ್ದೆ ಇಷ್ಟು ದಿನ.

“ಬೈಯೋ” ಎಂದೆ.

ಅವನು ಬೈಯಲಿಲ್ಲ. ಎದ್ದು ಔಷಧಿ ಸಾಮಾನಿನ ಡಬ್ಬಿಗಳ ಸಾಲಿನಿಂದ ಒಂದನ್ನು ಇಳಿಸಿದ. ಮಕ್ಕಳ ಹೊಟ್ಟೆನೋವಿಗೆ ಅರೆದು ಕೊಡಲು ಮಾರುವ ಗಜ್ಜುಗ. ಸಣ್ಣ ಕೈತಕ್ಕಡಿ ತೆಗೆದು ಒಂದು ತಟ್ಟೆಗೆ ಬಿಲ್ಲೆ ಇಟ್ಟ, ಇನ್ನೊಂದಕ್ಕೆ ಗಜ್ಜುಗ ಒಂದೊಂದಾಗಿ ಹಾಕತೊಡಗಿದ. ಎಣಿಸಿದವಳು ನಾನು. ಹದಿನೈದಕ್ಕೆ ಬಿಲ್ಲೆಯ ತಟ್ಟೆ ಅಲ್ಲಾಡಿತು. ಹದಿನೆಂಟಕ್ಕೆ ಮೇಲೇಳತೊಡಗಿತು. ಹತ್ತೊಂಬತ್ತಕ್ಕೆ ಮುಳ್ಳು ಇನ್ನೂ ಕೂದಲೆಳೆಯಷ್ಟು ಆಚೆಗಿತ್ತು. ಇನ್ನೊಂದು ಹಾಕಿದ. ಮುಳ್ಳು ನಡುವೆ ಬಂದು ನಿಂತಿತು.

“ಇಪ್ಪತ್ತು” ಎಂದೆ, ಮೆಲ್ಲಗೆ.

“ಇವು ಸಣ್ಣ ಗಜ್ಜುಗ” ಎಂದ ಅಣ್ಣ. “ಹತ್ತೊಂಬತ್ತೇ ಲೆಕ್ಕ.”

ಬಹಳ ಹೊತ್ತು ಅವನು ತಕ್ಕಡಿಯನ್ನು ಕೆಳಗಿಡಲಿಲ್ಲ.